ಹಿಮದ ಊರಿಗೆ ಒಯ್ದ ಗುಳಿಗೆ ಡಬ್ಬಿ

ನನ್ನ ಮೊಮ್ಮಗಳು ಇವತ್ತು ಆಸ್ಪತ್ರೆಯಿಂದ ಮನೆಗೆ ಬಂದಳು. ಜ್ವರ ಇಲ್ಲ. ಹಾಲು ಕುಡಿಯುತ್ತಾಳೆ, ಕಾಲು ಒದೆಯುತ್ತಾಳೆ, ಅಳುವಾಗ ಮೂರು ಮನೆಗೆ ಕೇಳುವಂತೆ ಅಳುತ್ತಾಳೆ. ಈ ಸುದ್ದಿಯನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಹೆದರಿಕೆಯೇ ಹೆಚ್ಚು. ನಾನು ಎದೆ ಹಿಡಿದುಕೊಂಡು ಕೂತ ಹಾಗೆ ಓದುವವರೂ ಕೂರುವುದು ಬೇಡ.

ಬರುವಾಗ ಬಸ್ಸಿನಲ್ಲಿ ಎದುರಿಗೆ ಒಬ್ಬ ಮುದುಕಿ ಕೂತಿದ್ದರು. ಅವರಿಗೆ ಮಗುವಿನ ಮುಖ ತೋರಿಸಿ "ನನ್ನ ಮೊಮ್ಮಗಳ್ರೀ, ಉಳಕೊಂಡ್ಳ್ರೀ" ಎಂದೆ. ಸ್ವೀಡನ್ನಿನ ಈ ಊರಿನ ಜನ ಬಸ್ಸಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡುವುದಿಲ್ಲ. ಆಕೆ ಒಮ್ಮೆ ಕಿಟಕಿಯ ಕಡೆ ನೋಡಿದರು. ಆಮೇಲೆ ಕೈಗವಸು ತೆಗೆದು, ಮಗುವಿನ ಕಿವಿ ಮುಚ್ಚುವಂತೆ ಟೊಪ್ಪಿಗೆ ಎಳೆದರು. ಕನ್ನಡ ಬಾರದಿದ್ದರೂ ನಾನು ಹೇಳಿದ್ದು ಆಕೆಗೆ ಅಷ್ಟಾದರೂ ತಿಳಿಯಿತು.

ವಡ್ಡು

ನಾನು ಸಂಡೂರು ತಾಲೂಕಿನ ವಡ್ಡು ಎಂಬ ಊರಿನವನು, ಹೆಸರು ಕೊಟ್ರಪ್ಪ, ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅದಿರಿನ ಲಾರಿಗಳು ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾದ ಅಂಗಡಿ ಇದೆ. ಈ ನಾಲ್ಕೈದು ವರ್ಷಗಳಿಂದ ಲಾರಿಯ ಸಾಲು ಕಡಿದದ್ದೇ ಇಲ್ಲ. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ತೊಳೆದು ಒಣಹಾಕಿದ ಪಂಚೆ ಸಂಜೆಗೆ ಕೆಂಪು. ಡ್ರೈವರುಗಳಿಗೆ ಯಾವಾಗಲೂ ಕೆಮ್ಮು, ಜ್ವರ, ಕೈಕಾಲಿಗೆ ಗಾಯ. ಸಾಲು ಬಿಟ್ಟು ಡಾಕ್ಟರ ಹತ್ತಿರ ಹೋದರೆ ಲೋಡು ತಪ್ಪುತ್ತದೆ. ಅದಕ್ಕೆ ನಾನು ಅಂಗಡಿ ಹಾಕಿದಾಗಿನಿಂದಲೇ ಗಲ್ಲಾದ ಪಕ್ಕ ಒಂದು ಬಿಸ್ಕೀಟಿನ ಡಬ್ಬಿ ಇಟ್ಟಿದ್ದೆ. ಹೊಸಪೇಟೆಗೆ ಹೋದಾಗ ಔಷಧಿ ಅಂಗಡಿಯಿಂದ ಗುಳಿಗೆ ತಂದು ಅದರಲ್ಲಿ ತುಂಬಿಡುವುದು, ಕೇಳಿದವರಿಗೆ ಎರಡು ಕತ್ತರಿಸಿ ಕೊಡುವುದು. ಗಾಯವಾದವರಿಗೆ ಕೆಂಪು-ಕಪ್ಪು ಬಣ್ಣದ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸುವುದು. ಜನ ನನ್ನನ್ನು ಅರ್ಧ ಡಾಕ್ಟರ್ ಅನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ನನಗೂ ಇಷ್ಟವಾಗಿತ್ತು.

ನನ್ನ ಹೆಂಡತಿ ಬಸಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಮುಳ್ಳು ಚುಚ್ಚಿ ಹುಣ್ಣಾಯಿತು. ನಾನು ದಿನಾ ಆ ಪುಡಿಯನ್ನೇ ಉದುರಿಸಿದೆ. ಕೊನೆಗೆ ಬಳ್ಳಾರಿಗೆ ಒಯ್ದಾಗ ಅಲ್ಲಿಯ ಡಾಕ್ಟರು, ಈ ಹುಣ್ಣು ಯಾವ ಔಷಧಿಗೂ ಬಗ್ಗುತ್ತಿಲ್ಲ ಎಂದರು. ಆಕೆ ಉಳಿಯಲಿಲ್ಲ. ಆಗ ಕಾಲೇಜು ಓದುತ್ತಿದ್ದ ನನ್ನ ಮಗಳು ಗಂಗಾ "ಬಗ್ಗುತ್ತಿಲ್ಲ ಅಂದ್ರ ಏನ್ರೀ ಸರ್" ಎಂದು ಆ ಡಾಕ್ಟರನ್ನು ಮೂರು ಸಲ ಕೇಳಿದ್ದಳು. ಅದೇ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಓದುತ್ತಾ ಸ್ವೀಡನ್ ದೇಶ ಮುಟ್ಟಿದಳು.

ಅವಳ ಬಾಣಂತನಕ್ಕೆ ಹೋಗಬೇಕಾಗಿದ್ದವರು ಕಂಪ್ಲಿಯ ನಮ್ಮ ಬೀಗಿತ್ತಿ, ಅಂದರೆ ಅಳಿಯನ ತಾಯಿ. ಹೊರಡುವ ಮುಂಚೆ ಅವರು ತಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾನೇ ಹೋಗುತ್ತೇನೆ ಎಂದೆ. ಅಂಗಡಿ ಮುಂದಿನ ಕಟ್ಟೆಯವರಿಗೆ ಅದೊಂದು ಹಬ್ಬವಾಯಿತು.

"ಕೊಟ್ರಪ್ಪ, ಸೀರಿ ಉಟ್ಕೊಂಡ್ ಹೋಗ್ತೀಯೋ, ಅಲ್ಲೇ ಹೋಗಿ ಉಟ್ಕೊಂತೀಯೋ?"

"ಕೂಸಿಗೆ ಎಣ್ಣಿ ಹಚ್ಚಾಕ ಬರ್ತೈತೇನ್ಲೇ? ಅದು ಮಿರ್ಚಿ ಅಲ್ಲ, ಎಣ್ಣ್ಯಾಗ ಬಿಟ್ಟಗಿಟ್ಟೀ ಮತ್ತ."

ನಾನೂ ನಕ್ಕೆ. ಬೀಗಿತ್ತಿ ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ಬಾಣಂತಿಗೆ ಕೊಡುವ ಅಂಟಿನುಂಡಿಯ ಸಾಮಾನು, ಅಜವಾನ, ಒಣಶುಂಠಿ, ಮೆಣಸಿನಕಾಯಿ, ಸಜ್ಜಿ ರೊಟ್ಟಿ ಎಲ್ಲ ಕಟ್ಟಿದೆ. ಪಂಚೆಯ ಮಡಿಕೆಯಲ್ಲಿ ಗುಳಿಗೆ ಡಬ್ಬಿಯನ್ನೂ ಇಟ್ಟೆ. ಪರದೇಶಕ್ಕೆ ಔಷಧಿ ಇಲ್ಲದೆ ಯಾರು ಹೋಗುತ್ತಾರೆ?

ಬಿಳಿ ಊರು

ವಿಮಾನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೊಟ್ಟೆಗೆ ಕಟ್ಟುವ ಪಟ್ಟಿಯನ್ನು ಬಿಚ್ಚಲು ಬಾರದೆ, ಎಲ್ಲರೂ ಇಳಿದರೂ ನಾನೊಬ್ಬನೇ ಕೂತಿದ್ದೆ. ಒಬ್ಬ ಹೆಣ್ಣುಮಗಳು ಬಂದು ಒಂದೇ ಬೆರಳಲ್ಲಿ ಬಿಚ್ಚಿದಳು.

ಹೊರಗೆ ಬಂದರೆ ಎಲ್ಲ ಬಿಳಿ. ನಮ್ಮಲ್ಲಿ ಮರದ ಮೇಲೆ ಕೆಂಪು ಧೂಳು ಕೂತಂತೆ ಇಲ್ಲಿ ಹಿಮ ಕೂತಿತ್ತು. ಸದ್ದೇ ಇಲ್ಲ. ಹಾರ್ನ್ ಇಲ್ಲದ ಊರು ನೋಡಿ ನನಗೆ ಏನೋ ಕೆಟ್ಟದ್ದು ನಡೆದಿದೆ ಅನ್ನಿಸಿತು, ಸತ್ತವರ ಮನೆಯ ಮುಂದೆ ನಿಂತ ಹಾಗೆ. ಹಂಪಿಯಲ್ಲಿ ಬಿಳಿ ಜನ ಬಾಳೆ ಎಲೆಯ ಮೇಲಿನ ಸಾರನ್ನು ಕೈಯಲ್ಲಿ ಹಿಡಿಯಲು ಒದ್ದಾಡುವುದನ್ನು ನೋಡಿ ಎಷ್ಟೋ ಸಲ ನಕ್ಕಿದ್ದೆ. ಇಲ್ಲಿ ನಾನು ಹಿಮದ ಮೇಲೆ ಎರಡು ಹೆಜ್ಜೆ ಇಟ್ಟು ಕುಂಡಿಯ ಮೇಲೆ ಬಿದ್ದೆ. ಯಾರೂ ನಗಲಿಲ್ಲ. ಒಬ್ಬರು ಕೈಹಿಡಿದು ಎಬ್ಬಿಸಿ, ಏನೂ ಆಗಿಲ್ಲವೆಂಬಂತೆ ಹೋದರು. ನಕ್ಕಿದ್ದರೆ ಚೆನ್ನಾಗಿತ್ತು.

ನಮ್ಮ ಹಾಗೆ ಇವರೂ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ. ಅದು ಸಮಾಧಾನ ತಂದಿತು. ಆದರೆ ಎರಡನೇ ದಿನ ಒಂದು ಕಾಫಿ ಅಂಗಡಿಯ ಮುಂದೆ, ಹಿಮದಲ್ಲಿ, ಮೂರು ತಳ್ಳುಗಾಡಿಯಲ್ಲಿ ಮೂರು ಕೂಸು ಮಲಗಿದ್ದವು. ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದರು. ನಾನು ಹೊರಗೆ ಕಾವಲು ನಿಂತೆ.

ಅಳಿಯ ಪಂಪಾಪತಿ ನನ್ನನ್ನು ಒಳಗೆ ಕರೆದರು. ಅವರು ಇಲ್ಲಿಯೇ ಮರದಿಂದ ಕಾಗದ ಮಾಡುವ ವಿದ್ಯೆ ಕಲಿಯುತ್ತಿದ್ದಾರೆ, ಮೆತ್ತಗಿನ ಮನುಷ್ಯ.

"ಬರ್ರಿ ಮಾವಾರ. ಚಳಿಯಾಗ ಮಲಗಿಸಿದ್ರ ಕೂಸು ಗಟ್ಟಿ ಆಗ್ತಾವಂತ ಇವರ ನಂಬಿಕಿ."

"ನಾಯಿ ಬಂದ್ರ?"

"ನಾಯಿಗೂ ಹಗ್ಗ ಐತ್ರಿ ಇಲ್ಲಿ."

ಮೂರನೇ ದಿನ ನನಗೆ ಕೆಮ್ಮು ಹತ್ತಿತು. ತುಂಬಿದ ಬಸುರಿ ಮಗಳೇ ನನ್ನನ್ನು ಔಷಧಿ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಯಂತ್ರದಿಂದ ನಂಬರಿನ ಚೀಟಿ ಹರಿದುಕೊಂಡು, ದೇವರ ದರ್ಶನಕ್ಕೆ ಕೂತಂತೆ ಕೂರಬೇಕು. ನಮ್ಮ ನಂಬರು ಬಂದಾಗ ಅಂಗಡಿಯ ಹುಡುಗಿ, ಬಿಸಿ ನೀರು ಕುಡಿಯಿರಿ, ಒಂದು ವಾರ ಇರುತ್ತದೆ, ಹೋಗುತ್ತದೆ ಎಂದಳು. ಗುಳಿಗೆ ಕೊಡಲಿಲ್ಲ.

"ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಒಂದು ಗುಳಿಗಿ ಇಲ್ಲೇನು? ಆ ಹುಡುಗಿಗೆ ಹೇಳವ್ವ, ವಡ್ಡಿಗೆ ಬಂದ್ರ ನಾನೇ ಎರಡು ಕೊಡ್ತೀನಿ ಅಂತ."

ಗಂಗಾ ನಗಲಿಲ್ಲ. "ಡಬ್ಬಿ ಇನ್ನೂ ಇಟ್ಟೀ ಏನಪ್ಪಾ?" ಎಂದಳು.

"ಎಲ್ಲೈತವ್ವ ಈಗ" ಎಂದೆ. ಮನೆಗೆ ಹೋಗಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ಎರಡು ಕ್ಯಾಪ್ಸೂಲ್ ನುಂಗಿದೆ.

ಗಂಗಾಳ ಕಂಪ್ಯೂಟರು

ಹೆರಿಗೆಗೆ ಇನ್ನೂ ನಾಲ್ಕು ದಿನ ಇರುವಾಗ ಅವಳು ತನ್ನ ಕೆಲಸ ತೋರಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣ ಬಣ್ಣದ ಶ್ಯಾವಿಗೆಯ ಮುದ್ದೆ ತಿರುಗುತ್ತಿತ್ತು.

"ಇದು ಕ್ರಿಮಿ ಕೈಯಾಗಿನ ಕತ್ರಿ ಅಪ್ಪಾ. ಔಷಧಿ ಹತ್ರ ಬಂತಂದ್ರ ಕಚಕ್ ಅಂತ ಕತ್ತರಿಸಿ ಒಗಿತೈತಿ. ಆಮೇಲೆ ಔಷಧಿ ಇದ್ರೂ ಒಂದ, ಇಲ್ಲದಿದ್ರೂ ಒಂದ."

"ಇದನ್ನ ಹೆಂಗ ಹಿಡೀತೀ?"

ಶ್ಯಾವಿಗೆಯ ನಡುವೆ ಒಂದು ಸಣ್ಣ ಗುಹೆ ತೋರಿಸಿದಳು. ಆ ಗುಹೆಯಲ್ಲಿ ಸಿಕ್ಕಿಕೊಳ್ಳುವಂಥ ಒಂದು ಪದಾರ್ಥ ಸಿಕ್ಕರೆ ಕತ್ತರಿ ಬಾಯಿ ಮುಚ್ಚುವುದಿಲ್ಲ, ಔಷಧಿ ತನ್ನ ಕೆಲಸ ಮಾಡುತ್ತದೆ. ಯಾವ ಪದಾರ್ಥ ಎಂದು ಯಾರಿಗೆ ಗೊತ್ತು? ಲಕ್ಷಗಟ್ಟಲೆ ಇವೆ. ಎಲ್ಲವನ್ನೂ ತಂದು ಪರೀಕ್ಷೆ ಮಾಡುತ್ತಾ ಕೂತರೆ ಆಯುಷ್ಯ ಸಾಲದು. ಅದಕ್ಕೆ ಅವುಗಳ ಆಕಾರವನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ಒಂದೊಂದನ್ನೇ ಗುಹೆಯಲ್ಲಿ ಇಟ್ಟು, ತಿರುಗಿಸಿ, ಹೊಂದುತ್ತದೋ ಇಲ್ಲವೋ ನೋಡುತ್ತದೆ. ನನಗೆ ಅರ್ಥವಾಯಿತು. ನಮ್ಮ ಅಂಗಡಿಯ ಹಳೆಯ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಹುಡುಕುವಾಗ ಅಟ್ಟದ ಮೇಲಿನ ಮುಚ್ಚಳಗಳನ್ನೆಲ್ಲ ಕೂರಿಸಿ ನೋಡಿದ್ದೆ, ಅದನ್ನೇ ಅವಳಿಗೆ ಹೇಳಿದೆ.

"ಹಂಗ ಅಪ್ಪಾ, ಅದ. ಆದ್ರ ಕಂಪ್ಯೂಟರ್ ಹೊಂದ್ತೈತಿ ಅಂದದ್ದು ಖರೇ ಕ್ರಿಮಿ ಮುಂದ ಹಿಡಿದ್ರ ಬಹಳಷ್ಟು ಸೋಲ್ತಾವು. ಈ ವರ್ಷ ಒಂದ ಒಂದು ಸ್ವಲ್ಪ ಕಚ್ಕೊಂಡೈತಿ. ಅದು ಔಷಧಿ ಆಗ್ತೈತೋ ಇಲ್ಲೋ ನೋಡಾಕ ಇನ್ನಾ ಹತ್ತು ವರ್ಷಾನೂ ಆಗಬಹುದು."

"ಕ್ರಿಮಿಗೆ ಕತ್ರಿ ಕೊಟ್ಟೋರು ಯಾರವ್ವ?"

"ಯಾರೂ ಕೊಟ್ಟಿಲ್ಲ. ಸಾವಿರದಾಗ ಒಂದರ ಹತ್ರ ಇರ್ತೈತಿ. ನಾವು ಎರಡು ಗುಳಿಗಿ ನುಂಗಿ ಬಿಡ್ತೀವಲ್ಲ, ಕತ್ರಿ ಇಲ್ಲದ್ದು ಸಾಯ್ತಾವು, ಇದ್ದದ್ದು ಉಳೀತೈತಿ. ಉಳಿದದ್ದರ ಮಕ್ಕಳಿಗೆಲ್ಲ ಕತ್ರಿ."

ಅವಳು ನನ್ನ ಮುಖ ನೋಡಿ ಹೇಳಲಿಲ್ಲ, ಪರದೆ ನೋಡುತ್ತಾ ಹೇಳಿದಳು. ಮಂಚದ ಕೆಳಗೆ ನನ್ನ ಚೀಲ, ಚೀಲದಲ್ಲಿ ಪಂಚೆ, ಪಂಚೆಯಲ್ಲಿ ಡಬ್ಬಿ.

ಹನ್ನೆರಡನೇ ದಿನ

ಹೆಣ್ಣು ಕೂಸು, ಬಸಮ್ಮನ ಮೂಗು. ಹನ್ನೊಂದು ದಿನ ನಾನು ನೆಲದ ಮೇಲೆ ನಡೆದೆನೋ ಗಾಳಿಯಲ್ಲಿ ನಡೆದೆನೋ ಗೊತ್ತಿಲ್ಲ. ಎಣ್ಣೆ ಹಚ್ಚಿದೆ, ನೀರು ಹಾಕಿದೆ, ಅಂಟಿನುಂಡಿ ಕಟ್ಟಿದೆ. ಬೀಗಿತ್ತಿ ಫೋನಿನಲ್ಲೇ ಪರೀಕ್ಷೆ ಮಾಡುತ್ತಿದ್ದರು: "ಕಿವ್ಯಾಗ ನೀರು ಹೋಗ್ಲಿಲ್ಲ ಹೌದಲ್ರಿ ಬೀಗರ?"

ಹನ್ನೆರಡನೇ ದಿನ ಬೆಳಿಗ್ಗೆ ಕೂಸು ಹಾಲು ಕುಡಿಯಲಿಲ್ಲ. ರಾತ್ರಿಯೆಲ್ಲ ಎದ್ದಿದ್ದ ಗಂಗಾ ಆಗ ತಾನೇ ಕಣ್ಣು ಮುಚ್ಚಿದ್ದಳು. ಅಳಿಯ ಹಾಲು ತರಲು ಹೋಗಿದ್ದರು. ಕೂಸಿನ ಹಣೆ ಮುಟ್ಟಿದೆ, ಕಾದ ಹಂಚು. ಮಗಳನ್ನು ಎಬ್ಬಿಸಬೇಕಿತ್ತು. ಆದರೆ ನಲವತ್ತು ವರ್ಷದ ಅಭ್ಯಾಸಕ್ಕೆ ನನ್ನ ಕೈ ಮೊದಲು ಚೀಲಕ್ಕೆ ಹೋಯಿತು. ಕ್ಯಾಪ್ಸೂಲ್ ಬಿಚ್ಚಿ, ಅಕ್ಕಿಕಾಳಿನಷ್ಟು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು, ಕೂಸಿನ ನಾಲಿಗೆಗೆ ಸವರಿದೆ. ಊರಲ್ಲಿ ಎಷ್ಟೋ ಕೂಸಿಗೆ ಹೀಗೇ ಮಾಡಿದ್ದೆ. ಸವರಿದ ಮೇಲೆ ಆ ಶ್ಯಾವಿಗೆಯ ಕತ್ತರಿ ಕಣ್ಣ ಮುಂದೆ ಬಂತು. ಬೆರಳನ್ನು ಅಂಗಿಗೆ ಒರೆಸಿಕೊಂಡೆ. ಆಮೇಲೆ ಮಗಳನ್ನು ಕೂಗಿದೆ.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು. ಇಷ್ಟು ಸಣ್ಣ ಕೂಸಿಗೆ ಜ್ವರ ಬಂದರೆ ಇವರು ಕ್ಷಣವೂ ಕಾಯುವುದಿಲ್ಲ. ರಕ್ತ ತೆಗೆದರು, ಮೂತ್ರ ಹಿಡಿದರು, ಹೆಬ್ಬೆರಳಿನಷ್ಟು ಕೈಗೆ ಸೂಜಿ ಹಾಕಿದರು. ಎತ್ತರದ, ಬಿಳಿ ಕೂದಲಿನ ಡಾಕ್ಟರಮ್ಮ ಏನೋ ಕೇಳಿದರು. ಗಂಗಾ ನನಗೂ ಹೇಳಿದಳು: "ಕೂಸಿಗೆ ಏನರ ಔಷಧಿ ಕೊಟ್ಟೀರೇನು ಅಂತ ಕೇಳಾಕತ್ಯಾರ. ಇಲ್ಲ ಅಂದೆ."

ನಾನು ಗೋಡೆ ನೋಡಿದೆ. ಇಲ್ಲ ಎಂದು ನಾನು ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ.

ಗಾಜಿನ ಕೋಣೆ

ಆ ದಿನ ಜ್ವರ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಮೂತ್ರದಲ್ಲಿ ಕ್ರಿಮಿ ಇದೆ, ಅದು ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ಇನ್ನೂ ಹೊತ್ತು ಬೇಕು ಎಂದರು. ನಮ್ಮನ್ನು ಬೇರೆಯೇ ಒಂದು ಗಾಜಿನ ಕೋಣೆಯಲ್ಲಿ ಇಟ್ಟರು. ಒಳಗೆ ಬರುವವರು ಪ್ರತಿ ಸಲ ಕೈ ತೊಳೆಯುತ್ತಿದ್ದರು, ಹೋಗುವಾಗಲೂ ತೊಳೆಯುತ್ತಿದ್ದರು. ನನ್ನ ಕೈಯನ್ನು ನಾನೂ ತೊಳೆದೆ, ಚರ್ಮ ಉರಿಯುವ ತನಕ. ಆ ಬೆರಳು ಮಾತ್ರ ತೊಳೆದಂತೆ ಅನ್ನಿಸಲಿಲ್ಲ.

ಕೂಸು ಅಳುವುದನ್ನು ನಿಲ್ಲಿಸಿತ್ತು. ಅಳುತ್ತಿದ್ದರೆ ಅಷ್ಟು ಹೆದರಿಕೆ ಇರುತ್ತಿರಲಿಲ್ಲ. ಬಸಮ್ಮನೂ ಕೊನೆಗೆ ನರಳುವುದನ್ನು ನಿಲ್ಲಿಸಿದ್ದಳು. ಅಂದು ಆ ಪುಡಿ ಹಾಕಿದ ಕೈಯೂ ಇದೇ. ಹೇಳಿದರೆ ಮಗಳು ಮುಖ ನೋಡುವುದಿಲ್ಲ, ಪೊಲೀಸರನ್ನು ಕರೆಯುತ್ತಾರೋ ಏನೋ, ಊರಿಗೆ ಕಳಿಸುತ್ತಾರೋ ಏನೋ. ಹೇಳದಿದ್ದರೆ? ಡಾಕ್ಟರು ಕತ್ತಲೆಯಲ್ಲಿ ಮುಚ್ಚಳ ಹುಡುಕುತ್ತಾರೆ.

ಎರಡನೇ ದಿನ ಮಧ್ಯಾಹ್ನ ಹೇಳಿದೆ.

"ಗಂಗಾ, ನಾನು ಕೂಸಿಗೆ ಪುಡಿ ನೆಕ್ಕಿಸೀನಿ. ಡಬ್ಬ್ಯಾಗಿಂದು."

ಅವಳು ಕೂಸಿನ ಹೊದಿಕೆ ಸರಿಮಾಡಿ ನನ್ನ ಕಡೆ ತಿರುಗಿದಳು. ಅಳಿಯ ಕೂಸಿನ ಕಾಲು ಹಿಡಿದುಕೊಂಡು ನಿಂತಿದ್ದವರು ನಿಂತೇ ಇದ್ದರು.

"ಅವ್ವನ ಕಾಲಿಗೆ ಹಾಕಿದ್ದೂ ಅದ ಅಲ್ಲ?"

"ಅದ ಅವ್ವ."

"ಇಲ್ಲಿ ಬಂದ ಮ್ಯಾಲೆ ನೀನೂ ನುಂಗೀದಿ?"

"ನುಂಗೀನಿ. ಎರಡ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಕೂರಲು ಒಂದು ಜಾಗ ಸಿಗುತ್ತಿತ್ತು. ಎದ್ದು ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಅಳಿಯ ಮನೆಗೆ ಓಡಿ ಡಬ್ಬಿ ತಂದರು. ಡಾಕ್ಟರಮ್ಮ ಒಂದೊಂದು ಗುಳಿಗೆಯ ಪಟ್ಟಿಯನ್ನೂ ಬೆಳಕಿಗೆ ಹಿಡಿದು ಹೆಸರು ಓದಿದರು. ಆಮೇಲೆ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕೂತು, ನನ್ನನ್ನೇ ನೋಡಿ ಮಾತಾಡಿದರು. ಗಂಗಾ ಕನ್ನಡಕ್ಕೆ ಹೇಳುತ್ತಾ ಹೋದಳು.

ಊರಲ್ಲಿ ಈ ಗುಳಿಗೆ ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ? ಮನೆಯಲ್ಲಿ ಯಾರ ಗಾಯವಾದರೂ ವಾಸಿಯಾಗದೆ ಉಳಿದಿತ್ತೇ? ಎಲ್ಲವನ್ನೂ ಹೇಳಿದೆ. ಬಸಮ್ಮನ ಕಾಲನ್ನೂ ಹೇಳಿದೆ. ಹದಿನಾಲ್ಕು ಸಾವಿರ ಲಾರಿ ಸಾಲಾಗಿ ಬಂದಂತೆ ಒಂದರ ಹಿಂದೆ ಒಂದು ಮಾತು ಹೊರಗೆ ಬಂತು.

ಅವರು ಗಂಗಾಳ ಕಡೆ ತಿರುಗಿ ಏನೋ ಅಂದರು. ಗಂಗಾ ತಲೆಯಾಡಿಸಿ, ನನಗೆ ಹೇಳಿದಳು: "ಪ್ರಯೋಗಶಾಲೆಯವರ ಉತ್ತರ ನಾಳೆ ಬರ್ತೈತಿ. ಅಲ್ಲೀತನಕ ಕಾಯೂದಿಲ್ಲಂತ. ನೀನು ಹೇಳಿದ್ದರ ಮ್ಯಾಲೆ ಇದು ಕತ್ರಿ ಇದ್ದ ಕ್ರಿಮಿನ ಇರಬೇಕು ಅಂತ ಈಗಿಂದೀಗ ಔಷಧಿ ಬದಲಿಸ್ತಾರ. ಆ ಕತ್ರಿಗೆ ಸಿಗದಂಥ ಔಷಧಿ ಇನ್ನೂ ಒಂದು ಐತಿ."

"ಅದಕ್ಕೂ ಸಿಗದಿದ್ರ?"

ಅವಳ ಕಂಪ್ಯೂಟರು ಹುಡುಕುತ್ತಿರುವುದು ಈ ಪ್ರಶ್ನೆಯ ಉತ್ತರವನ್ನೇ ಎಂದು ನನಗೆ ಆಗ ಹೊಳೆಯಿತು. ಅದು ಇನ್ನೂ ಸಿಕ್ಕಿಲ್ಲ ಎಂದೂ ಹೊಳೆಯಿತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯಿಂದಲೂ ಅದೇ ಮಾತು ಬಂತು. ಡಬ್ಬಿಯಲ್ಲಿದ್ದ ಯಾವುದಕ್ಕೂ ಆ ಕ್ರಿಮಿ ಸಾಯುವುದಿಲ್ಲ, ಮೊದಲು ಕೊಟ್ಟಿದ್ದಕ್ಕೂ ಸಾಯುವುದಿಲ್ಲ. ನನ್ನ ಮೈಯಲ್ಲೂ ಅಂಥದ್ದೇ ಇದೆಯೋ ಎಂದು ನನ್ನನ್ನೂ ಪರೀಕ್ಷೆ ಮಾಡಿದರು. ಇತ್ತು. ಅಳಿಯನ ಮೈಯಲ್ಲೂ ಇತ್ತು, ಅವರು ಊರಿಗೆ ಬಂದು ಹೋಗಿ ಎಂಟು ತಿಂಗಳಾಗಿತ್ತು. ಕೂಸಿಗೆ ಯಾರಿಂದ ಬಂತು ಎಂದು ಕೇಳಿದೆ. ಯಾರೂ ಹೇಳಲಾರರು ಎಂದರು ಡಾಕ್ಟರಮ್ಮ. ಸಮಾಧಾನಕ್ಕೆ ಸುಳ್ಳು ಹೇಳುವವರಲ್ಲ ಆಕೆ. ನಿಮ್ಮಿಂದ ಅಲ್ಲ ಎನ್ನಲಿಲ್ಲ.

ಸಂಜೆ ನಾಲ್ಕಕ್ಕೆ ಕೂಸು ಅತ್ತಿತು. ಗಂಗಾ ಎದೆಗೆ ಹಿಡಿದಳು. ಕುಡಿಯಿತು. ಜ್ವರ ನೋಡುವ ಕಡ್ಡಿಯನ್ನು ಅಳಿಯ ನನಗೆ ತೋರಿಸಿದರು, ಕಣ್ಣೀರಲ್ಲಿ ನನಗೆ ಅಂಕಿ ಕಾಣಲಿಲ್ಲ.

"ಇಳಿದೈತ್ರಿ ಮಾವಾರ" ಎಂದರು.

ಇವತ್ತು

ಔಷಧಿಯ ದಿನಗಳನ್ನು ಒಂದೂ ಬಿಡದೆ ಮುಗಿಸಿ ಇವತ್ತು ಮಧ್ಯಾಹ್ನ ಕಳಿಸಿದರು. ಅರ್ಧಕ್ಕೆ ನಿಲ್ಲಿಸುವುದು ಎಂಬುದೇ ಇಲ್ಲಿ ಇಲ್ಲ. ದಾರಿಯಲ್ಲಿ ಬಸ್ಸಿಳಿದು ಆ ಔಷಧಿ ಅಂಗಡಿಗೆ ಹೋದೆವು. ಮನೆಯಲ್ಲಿ ಉಳಿದ ಗುಳಿಗೆಗಳನ್ನು ಇಲ್ಲಿಯ ಜನ ಕಸಕ್ಕೆ ಹಾಕದೆ ಅಂಗಡಿಗೇ ವಾಪಸು ಕೊಡುತ್ತಾರೆ. ನಾನೂ ನಂಬರಿನ ಚೀಟಿ ಹರಿದುಕೊಂಡು ಕೂತೆ. ನಂಬರು ಬಂದಾಗ ಡಬ್ಬಿ ಬೋರಲು ಹಾಕಿದೆ. ಅದೇ ಹುಡುಗಿ. ಗುಡ್ಡೆ ನೋಡಿ ನನ್ನ ಮುಖ ನೋಡಿದಳು.

"ವಡ್ಡಿಗೆ ಬಂದ್ರ ಈಗ ಚಾ ಅಷ್ಟ ಸಿಗ್ತೈತಿ ಅಂತ ಹೇಳವ್ವ" ಎಂದೆ. ಈ ಸಲ ಗಂಗಾ ಹೇಳಿದಳು. ಆ ಹುಡುಗಿ ನಕ್ಕಳು.

ಡಬ್ಬಿಯನ್ನು ಬಿಸಿ ನೀರಲ್ಲಿ ತೊಳೆದು, ಒರೆಸಿ, ಅಂಟಿನುಂಡಿ ತುಂಬಿಟ್ಟೆ. ಒಗ್ಗರಣಿ ಮಾಡಿದೆ, ಮಿರ್ಚಿ ಕರಿದೆ. ಇಲ್ಲಿ ಸಂಜೆ ಐದಕ್ಕೇ ಊಟ. ಆಗ ವಡ್ಡಿನಲ್ಲಿ ರಾತ್ರಿ ಒಂಬತ್ತೂವರೆ, ಅದೇ ಹೊತ್ತಿಗೆ ಅಲ್ಲಿ ನನ್ನ ಮಗ ಈರಣ್ಣ, ಸೊಸೆ ಅಂಗಡಿಯ ಹಿಂದೆ ಉಣ್ಣಲು ಕೂರುತ್ತಾರೆ. ಅಳಿಯ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ತಟ್ಟೆಗಳ ನಡುವೆ ಇಟ್ಟರು. ಎರಡು ಊರಿನವರೂ ಒಂದೇ ಸಲ ಕೈ ತೊಳೆದು ಕೂತೆವು.

ಈರಣ್ಣ ಸುದ್ದಿ ಕೇಳಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಅಪ್ಪಾ, ಇಲ್ಲೊಬ್ಬ ಡ್ರೈವರ್ ಜ್ವರ ಅಂತ ಕುಂತಾನ. ಡಬ್ಬಿ ಎಲ್ಲಿಟ್ಟಿ? ಹುಡುಕಿ ಸಾಕಾತು" ಎಂದ.

ಗಂಗಾಳ ಕೈ ತಟ್ಟೆಯಲ್ಲೇ ನಿಂತಿತು. ನನ್ನನ್ನು ನೋಡಲಿಲ್ಲ, ಫೋನನ್ನು ನೋಡಿದಳು.

"ಡಬ್ಬಿ ಇಲ್ಲೈತಿ. ಅದ್ರಾಗ ಗುಳಿಗಿ ಇಲ್ಲ" ಎಂದೆ. "ಅವಂಗ ಬಿಸಿ ಚಾ ಕೊಡು. ಉಂಡ ಮ್ಯಾಲೆ ನಿನ್ನ ಗಾಡಿ ಮ್ಯಾಲೆ ಸಂಡೂರ ದವಾಖಾನಿಗೆ ಕರ್ಕೊಂಡ್ ಹೋಗು."

"ಸಾಲು ಬಿಟ್ರ ಲೋಡ್ ತಪ್ತೈತಂತಪ್ಪಾ."

"ಅವನ ಲಾರ್‍ಯಾಗ ಯಾರನ್ನರ ಕುಂದ್ರಿಸು. ಯಾರೂ ಸಿಗಲಿಲ್ಲಂದ್ರ ನಿನ್ನ ಹೆಂಡ್ತೀನ್ನ ಕುಂದ್ರಿಸು, ಆಕಿ ಹಾರ್ನ್ ಹೊಡದ್ರ ಯಾವನೂ ಮುಂದ ನುಗ್ಗಂಗಿಲ್ಲ."

ಆ ಕಡೆಯಿಂದ ಸೊಸೆಯ ನಗು ಕೇಳಿತು. ಅದರ ಹಿಂದೆಯೇ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಈ ಬಿಳಿ ಊರಿನ ಅಷ್ಟೂ ಸುಮ್ಮನಿರುವಿಕೆ ಒಡೆದು, ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅಳತೊಡಗಿತು. ಎಂಥ ಅಳು. ನಾನು ಏಳಲು ಹೋದೆ. ಗಂಗಾ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು.

"ಇರ್ಲಿ ಬಿಡಪ್ಪಾ, ಸ್ವಲ್ಪ ಅಳ್ಳಿ. ಕೇಳೋಣು. ನೀನು ಉಣ್ಣು."

ಮಿರ್ಚಿ ಮುರಿದು ನನ್ನ ತಟ್ಟೆಗೆ ಅರ್ಧ ಹಾಕಿದಳು.